ಹೆಂಚು ಕೈಯಾಡಿಸುವವರು ಯಾರು?

ಮೃಗಶಿರ ಮಳೆ ಹಿಡಿಯುವುದಕ್ಕೆ ಮೊದಲು ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಹಳೇ ಮನೆಗಳ ಮಾಡಿನ ಮೇಲೆ ಆಳುಗಳು ಕಾಣಿಸಿಕೊಳ್ಳುತ್ತಾರೆ. ಒಬ್ಬ ಕೆಳಗೆ ಏಣಿ ಹಿಡಿದಿರುತ್ತಾನೆ. ಇನ್ನೊಬ್ಬ ಮೇಲೆ ಹತ್ತಿ ಒಡೆದ ಹೆಂಚು ತೆಗೆಯುತ್ತಾನೆ, ಜಾರಿದ್ದನ್ನು ಸರಿಸಿ ಕೂರಿಸುತ್ತಾನೆ, ಸಂದಿಯಲ್ಲಿ ಸೇರಿಕೊಂಡ ತರಗೆಲೆ, ಪಾಚಿಯನ್ನೆಲ್ಲ ಕೆರೆದು ಅಂಗಳಕ್ಕೆ ಉದುರಿಸುತ್ತಾನೆ. ಇದಕ್ಕೆ ಮಲೆನಾಡಿನವರು ಹೆಂಚು ಕೈಯಾಡಿಸುವುದು ಎನ್ನುತ್ತಾರೆ. ದೊಡ್ಡ ಮನೆಯಾದರೆ ಮೂರು ನಾಲ್ಕು ದಿನದ ಕೆಲಸ. ಒಂದು ವರ್ಷ ತಪ್ಪಿಸಿದರೆ ಎಲ್ಲೋ ಒಂದು ಕಡೆ ಸೋರುತ್ತದೆ. ಇನ್ನೊಂದು ವರ್ಷ ತಪ್ಪಿಸಿದರೆ ಹೆಂಚಿನ ಕೆಳಗಿನ ರೀಪು ಕುಂಬಾಗುತ್ತದೆ. ಹಾಗೇ ಬಿಟ್ಟರೆ ರೀಪನ್ನು ಹೊತ್ತ ಪಕಾಸಿ ಇಳಿದು, ನೀರು ಮಣ್ಣಿನ ಗೋಡೆಯ ನೆತ್ತಿಗೇ ಬೀಳುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ನೂರು ವರ್ಷ ನಿಂತ ಮನೆ ನೆಲಕ್ಕೊರಗಲು ಹತ್ತು ಮಳೆಗಾಲ ಸಾಕು.

ಹಳೆಯ ಮನೆಯೊಂದನ್ನು ಉಳಿಸಿ ಮ್ಯೂಸಿಯಂ ಮಾಡಬೇಕೆಂಬ ಮಾತು ಈಗ ಊರೂರಲ್ಲಿ ಕೇಳಿಬರುತ್ತದೆ. ಕಂಬದ ಕೆತ್ತನೆ, ಬಾಗಿಲವಾಡದ ಕುಸುರಿ, ಅಜ್ಜನ ಕಾಲದ ಹಿತ್ತಾಳೆ ಹಂಡೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೆಂಚು ಯಾರು ಕೈಯಾಡಿಸಬೇಕು ಎಂಬ ಪ್ರಶ್ನೆ ಮಾತ್ರ ಉದ್ಘಾಟನೆಯ ಮಾರನೆಯ ವರ್ಷ ಏಳುತ್ತದೆ. ಕರ್ನಾಟಕದಲ್ಲಿ ಹೀಗೆ ಉಳಿದ ಮನೆಗಳ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಮಲೆನಾಡಿನ ತೊಟ್ಟಿಮನೆಯಾಗಲಿ ಕರಾವಳಿಯ ಚೌಕಿಮನೆಯಾಗಲಿ ಮಳೆಯ ಲೆಕ್ಕ ಹಾಕಿಯೇ ಕಟ್ಟಿದ್ದು. ನಡುವೆ ಬಯಲಿಗೆ ತೆರೆದ ಅಂಗಳ, ನಾಲ್ಕೂ ಸುತ್ತ ಜಗಲಿ, ಜಗಲಿಯ ಹಿಂದೆ ಕೋಣೆಗಳು, ಮೇಲೆ ಉಪ್ಪರಿಗೆ, ಅದರ ಮೇಲೆ ಅಟ್ಟ. ಮಾಡಿನ ಇಳಿಜಾರು ಕಡಿದಾಗಿ, ಸೂರು ತಗ್ಗಿನವರೆಗೆ ಬಂದು ಗೋಡೆಗೆ ಇರಚಲು ಹೊಡೆಯದಂತೆ ಕಾಯುತ್ತದೆ. ಅಂಗಳಕ್ಕೆ ಬಿದ್ದ ನೀರು ಮೂಲೆಯ ದೋಣಿಯಲ್ಲಿ ಹಾದು ತೋಟಕ್ಕೆ ಹೋಗುತ್ತದೆ. ಮೊದಲು ಸೋಗೆಯೋ ಹುಲ್ಲೋ ನಾಡಹೆಂಚೋ ಇದ್ದ ಮಾಡುಗಳಿಗೆ ಮಂಗಳೂರು ಹೆಂಚು ಏರಿದ್ದು ಆಮೇಲೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂತು.

ಈ ಮನೆಗಳಿಗೆ ಇನ್ನೊಂದು ಕಾವಲು ಇತ್ತು, ಅದು ಹೊಗೆ. ಅಡುಗೆಮನೆಯ ಒಲೆ, ಬಚ್ಚಲ ಹಂಡೆಯ ಒಲೆ, ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಬೆಂಕಿ, ಎಲ್ಲದರ ಹೊಗೆ ವರ್ಷವಿಡೀ ಅಟ್ಟಕ್ಕೆ ಏರುತ್ತಿತ್ತು. ಪಕಾಸಿ, ತೊಲೆಗಳು ಕರ್ರಗೆ ಮಸಿ ಹಿಡಿದು ಹೊಳೆಯುತ್ತಿದ್ದವು. ಆ ಮಸಿ ಮರವನ್ನು ಒಣಗಿಸಿಡುತ್ತಿತ್ತು, ಹುಳು ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಿತ್ತು. ಕರಾವಳಿಯಲ್ಲಿ ಇದರ ಜೊತೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯಿತ್ತು. ಒಲೆ ಆರಿದ ಮೇಲೆ ಮರಕ್ಕೆ ತೇವ ಏರುತ್ತದೆ, ಹಿಂದೆಯೇ ಒರಲೆ ಬರುತ್ತದೆ. ಮ್ಯೂಸಿಯಮ್ಮಿನೊಳಗೆ ಬೆಂಕಿ ಹಚ್ಚುವಂತಿಲ್ಲ. ಮನೆಯನ್ನು ಇಷ್ಟು ಕಾಲ ಕಾಪಾಡಿದ ಹೊಗೆಯನ್ನು ಹೊರಗೆ ಹಾಕಿಯೇ ಅದನ್ನು ಕಾಪಾಡುವ ಕೆಲಸಕ್ಕೆ ಇಳಿಯಬೇಕು.

ಇಂಥ ಮನೆಗಳು ಬರಿದಾದದ್ದು ಒಂದೇ ದಿನದಲ್ಲಲ್ಲ. ತುಳುನಾಡಿನಲ್ಲಿ ಅಳಿಯಸಂತಾನದ ಕುಟುಂಬಗಳು ತಲೆಮಾರುಗಟ್ಟಲೆ ಆಸ್ತಿ ಪಾಲು ಮಾಡದೆ ಒಂದೇ ಮಾಡಿನ ಕೆಳಗೆ ಬಾಳಿದ್ದವು. ಮದರಾಸು ಅಳಿಯಸಂತಾನ ಕಾಯಿದೆ 1949ರಲ್ಲಿ ಬಂದು ಪಾಲಿನ ಹಕ್ಕು ಕೊಟ್ಟಿತು. ಘಟ್ಟದ ಮೇಲೂ ಕೂಡುಕುಟುಂಬಗಳು ಹಿಸ್ಸೆಯಾದವು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಯ ಭತ್ತ ನಿಂತಿತು. ಉಳುವವನಿಗೆ ಹೊಲ ಸಿಕ್ಕಿತು. ಅದು ಸಲ್ಲಬೇಕಾದ ನ್ಯಾಯ. ಆದರೆ ಐವತ್ತು ಜನರ ಊಟಕ್ಕೆ, ನೂರು ಖಂಡುಗದ ಕಣಜಕ್ಕೆ ಅಂತ ಕಟ್ಟಿದ ಮನೆಯಲ್ಲಿ ಇಬ್ಬರು ಮುದುಕರು ಉಳಿದರು. ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಹೋದರು. ಮನೆ ಒಬ್ಬನ ಪಾಲಿಗೆ ಬಂದರೆ ಅವನಿಗೆ ಹೊರೆ, ನಾಲ್ವರ ಪಾಲಿಗೆ ಬಂದರೆ ಯಾರ ಹೊಣೆಯೂ ಅಲ್ಲ.

ಅಲ್ಲಿಗೆ ಹಳೇ ಸಾಮಾನು ಕೊಳ್ಳುವವರು ಬರುತ್ತಾರೆ. ಒಂದು ಹೊಸ ತಾರಸಿ ಮನೆಗೆ ಬೇಕಾಗುವಷ್ಟು ಹಣ ಕೊಟ್ಟು ಹಲಸಿನ ಕಂಬ, ಬೀಟೆಯ ಬಾಗಿಲು, ಕೆತ್ತಿದ ಬೋದಿಗೆಗಳನ್ನು ಲಾರಿಗೆ ತುಂಬಿಕೊಳ್ಳುತ್ತಾರೆ. ಕೊಚ್ಚಿಯ ಯಹೂದಿ ಬೀದಿಯ ಅಂಗಡಿಗಳಲ್ಲಿ, ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಬೀದಿಯಲ್ಲಿ ಸಾಲಾಗಿ ನಿಂತಿರುವ ಕಂಬಗಳೆಲ್ಲ ಯಾವುದೋ ಊರಿನ ಯಾವುದೋ ಜಗಲಿಯನ್ನು ಹೊತ್ತಿದ್ದಂಥವೇ. ಕಾನೂನು ದೇವಸ್ಥಾನ, ಕೋಟೆ, ಶಾಸನಗಳನ್ನು ಕಾಯುತ್ತದೆ. ಒಂದು ಕುಟುಂಬ ವಾಸವಿದ್ದ ಮನೆ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರುವುದು ಅಪರೂಪ.

ಈ ದಾರಿ ಹಿಡಿಯದೆ ಉಳಿದ ಮನೆಗಳಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯದು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ತಂದೆಯ ಮನೆ ಕುಪ್ಪಳಿಯಲ್ಲಿ. ಓದಿಗೆಂದು ಹದಿಹರೆಯದಲ್ಲೇ ಮೈಸೂರಿಗೆ ಹೋದವರು ಬಾಳಿನ ಉಳಿದ ಕಾಲದ ಬಹುಪಾಲನ್ನು ಅಲ್ಲೇ ಕಳೆದರು. ಆದರೂ ಅವರ ಬರವಣಿಗೆಯ ಜಗಲಿ, ಅಟ್ಟ, ಬಚ್ಚಲು, ಕೊಟ್ಟಿಗೆಗಳೆಲ್ಲ ಈ ಮನೆಯ ಸುತ್ತಮುತ್ತಲಿನವೇ.

ಅವರ ಕಡೆಯ ದಿನಗಳ ಹೊತ್ತಿಗೆ ಮನೆ ಶಿಥಿಲವಾಗಿತ್ತು. 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ವಹಿಸಿಕೊಂಡು, ಮೂರು ಅಂತಸ್ತಿನ ಆ ಮನೆಯನ್ನು ಹಳೆಯ ಆಕಾರದಲ್ಲೇ ಮತ್ತೆ ನಿಲ್ಲಿಸಿತು. ಈಗ ಅದರ ಹೆಸರು ಕವಿಮನೆ. ಹೆಬ್ಬಾಗಿಲು ದಾಟಿದರೆ ಅಂಗಳ, ಸುತ್ತ ಕೆತ್ತನೆಯ ಮರದ ಕಂಬಗಳು. ಕೋಣೆಗಳಲ್ಲಿ ಮಲೆನಾಡಿನ ಒಕ್ಕಲು ಮನೆಯ ಪಾತ್ರೆ, ಪರಿಕರಗಳು. 1937ರಲ್ಲಿ ದೇವಂಗಿಯ ಹೇಮಾವತಿಯವರೊಂದಿಗೆ ನಡೆದ ಕವಿಯ ಮದುವೆಯ ಮಂಟಪವೂ ಇಲ್ಲಿದೆ. ಮೇಲಿನ ಅಂತಸ್ತುಗಳಲ್ಲಿ ಪುಸ್ತಕ, ಚಿತ್ರ, ಪ್ರಶಸ್ತಿಗಳು. ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು 1936ರಲ್ಲಿ ಬಂಡೆಯ ಮೇಲೆ ಕೊರೆದ ಅಕ್ಷರಗಳು ಅಲ್ಲಿವೆ. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಅಂತ್ಯಕ್ರಿಯೆ ನಡೆದದ್ದೂ ಅಲ್ಲೇ. ಸುತ್ತ ಎದ್ದು ನಿಂತ ಶಿಲಾಕಂಬಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದರದು.

ಮರದ ಮನೆಯನ್ನು ಮತ್ತೆ ನಿಲ್ಲಿಸಿದಾಗ ಎಷ್ಟು ಹಳತು ಉಳಿಯಿತು, ಎಷ್ಟು ಹೊಸತು ಸೇರಿತು ಎಂದು ತರ್ಕ ತೆಗೆಯುವವರಿದ್ದಾರೆ. ಮಲೆನಾಡಿನ ಮಟ್ಟಿಗೆ ಇದು ಅಷ್ಟು ದೊಡ್ಡ ಜಗಳವಲ್ಲ. ಇಲ್ಲಿನ ಮನೆಗಳು ಯಾವತ್ತೂ ಹಾಗೇ ಬಾಳಿದ್ದು. ಕುಂಬಾದ ಪಕಾಸಿ ತೆಗೆದು ಹೊಸದು ಹಾಕುವುದು, ಕುಸಿದ ಗೋಡೆಗೆ ಮಣ್ಣು ತುಳಿದು ಕಟ್ಟುವುದು ಮನೆವಾರ್ತೆಯ ಭಾಗವೇ. ಪ್ರತಿಷ್ಠಾನ ಮಾಡಿದ್ದು ಮನೆಯ ಯಜಮಾನ ಮಾಡಬೇಕಾಗಿದ್ದ ಕೆಲಸ.

ಯಜಮಾನ ಮಾಡುತ್ತಿದ್ದ ಇನ್ನೊಂದು ಕೆಲಸ ರಾತ್ರಿ ಮನೆಯಲ್ಲೇ ಮಲಗುವುದು. 2015ರ ನವೆಂಬರಿನಲ್ಲಿ ಕಳ್ಳರು ಕವಿಮನೆಗೆ ನುಗ್ಗಿ ಕುವೆಂಪು ಅವರಿಗೆ ಸಂದ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದರು. ನಾಡಿಗೆ ನಾಡೇ ಬೆಚ್ಚಿಬಿತ್ತು. ಜನ ತುಂಬಿದ್ದ ಕಾಲದಲ್ಲಿ ನಾಯಿ ಬೊಗಳಿದರೆ ಜಗಲಿಯಲ್ಲಿ ಮಲಗಿದ ನಾಲ್ಕು ಮಂದಿ ಏಳುತ್ತಿದ್ದರು. ಮ್ಯೂಸಿಯಮ್ಮಿಗೆ ಸಂಜೆ ಬೀಗ ಬೀಳುತ್ತದೆ.

ಕುಪ್ಪಳಿಯಂಥ ಮನೆಯನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಹಳೇ ಕಾಲದಲ್ಲಿ ಈ ಜಗಲಿಗೆ ಯಾರು ಹತ್ತುತ್ತಿದ್ದರು, ಯಾರು ಅಂಗಳದಾಚೆಯೇ ನಿಲ್ಲುತ್ತಿದ್ದರು? ದೊಡ್ಡ ಮನೆಗಳ ಗೋಡೆಗೆ ಮಣ್ಣು ತುಳಿದವರು, ತೊಲೆ ಹೊತ್ತು ತಂದವರು, ಕಣಜಕ್ಕೆ ಭತ್ತ ಸುರಿದವರು ಬಹುಪಾಲು ಹೊರಗಿನವರೇ. ಇದನ್ನು ಕುವೆಂಪು ಮರೆಮಾಚಲಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೆಗ್ಗಡೆಯವರ ದೊಡ್ಡ ಮನೆಗಳ ಜೊತೆಗೇ ಜೀತದ ಗುತ್ತಿ, ಅವನ ತಿಮ್ಮಿ, ಅವನ ನಾಯಿ ಹುಲಿಯ ಕಾಡುದಾರಿಯಲ್ಲಿ ನಡೆಯುತ್ತಾರೆ. ಮನೆಯೊಂದು ಮ್ಯೂಸಿಯಂ ಆದಾಗ ಯಜಮಾನರ ಪಲ್ಲಕ್ಕಿಗೆ ಒಂದು ಫಲಕ ತಪ್ಪದೆ ಬೀಳುತ್ತದೆ. ಕೆಲಸದವರಿಗೆ ಕಂಜಿ ಬಡಿಸುತ್ತಿದ್ದ ಜಾಗಕ್ಕೂ ಒಂದು ಫಲಕ ಇದ್ದರೆ ಮನೆಯ ಚರಿತ್ರೆ ಪೂರ್ತಿಯಾಗುತ್ತದೆ.

ಕುಪ್ಪಳಿಯಲ್ಲಿ ಮನೆ ಇದ್ದಲ್ಲೇ ಉಳಿಯಿತು. ಘಟ್ಟದ ಕೆಳಗೆ ಮಣಿಪಾಲದಲ್ಲಿ ನಡೆದದ್ದು ಇನ್ನೂ ಸಾಹಸದ ಕೆಲಸ. ಅಲ್ಲಿ ಮನೆಗಳೇ ಊರು ಬಿಟ್ಟು ಬಂದವು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರರಾಗಿದ್ದ ವಿಜಯನಾಥ ಶೆಣೈ ಅವರಿಗೆ ಸಂಗೀತದ ಹುಚ್ಚಿನಷ್ಟೇ ಹಳೇ ಮನೆಗಳ ಹುಚ್ಚೂ ಇತ್ತು. ದಾರಿಯಲ್ಲಿ ಯಾರೋ ಮನೆ ಕೆಡವುತ್ತಿದ್ದರೆ ನಿಂತು, ಕಂಬವೋ ಕಿಟಕಿಯೋ ಸೌದೆ ಆಗುವ ಮೊದಲು ಕೊಂಡು ತರುತ್ತಿದ್ದರು. ಹಾಗೆ ಕೂಡಿಟ್ಟದ್ದರಿಂದಲೇ ತಮಗೊಂದು ಮನೆ ಕಟ್ಟಿಕೊಂಡು ಹಸ್ತಶಿಲ್ಪ ಎಂದು ಹೆಸರಿಟ್ಟರು. ನೋಡಲು ಬರುವವರ ಸಾಲು ಎಷ್ಟು ಬೆಳೆಯಿತೆಂದರೆ ಕೊನೆಗೆ ಮನೆಯನ್ನು ಅವರಿಗೇ ಬಿಟ್ಟು ಮನೆಯವರು ಬೇರೆ ಕಡೆ ಹೋಗಬೇಕಾಯಿತು.

ಅಲ್ಲಿಂದ ಮುಂದೆ ಬಿಡಿ ಕಂಬಗಳ ಬದಲು ಇಡೀ ಮನೆಗಳನ್ನೇ ತರುವ ಕೆಲಸ ಶುರುವಾಯಿತು. ಟ್ರಸ್ಟ್ ಹುಟ್ಟಿತು, ಮಣಿಪಾಲದಲ್ಲಿ ಸುಮಾರು 6 ಎಕರೆ ಜಾಗ ದೊರಕಿತು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಹರ್ಕೂರಿನ ಒಳಗಿನಮನೆ, ಭಟ್ಕಳದ ನವಾಯತರ ಮನೆ, ಮುಧೋಳ ಅರಮನೆಯ ದರ್ಬಾರು ಹಾಲು, ಕುಕನೂರಿನ ಕಮಲಮಹಲು ಒಂದೊಂದಾಗಿ ಬಂದು ಸೇರಿದವು.

ಮನೆ ಎತ್ತಿ ತರುವ ಬಗೆ ಹೀಗಿತ್ತು. ಮೊದಲು ಮನೆಯ ಅಳತೆ, ನಕ್ಷೆ, ಫೋಟೊ. ಆಮೇಲೆ ಪ್ರತಿ ಮರದ ತುಂಡಿಗೂ ಒಂದೊಂದು ಸಂಖ್ಯೆ. ಹಳೇ ಆಚಾರಿಗಳು ಮೊಳೆ ಹೊಡೆಯದೆ ಕಚ್ಚು ಹಾಕಿ ಕೂರಿಸಿದ ಜೋಡಣೆಯನ್ನು ಬಿಚ್ಚುವಾಗ ಅವರು ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು: ಹೆಂಚು, ರೀಪು, ಪಕಾಸಿ, ತೊಲೆ, ಬೋದಿಗೆ, ಕೊನೆಗೆ ಕಂಬ. ಒಂದು ಬೆಣೆ ಮುರಿದರೆ ಮುಂದಿನ ನಾಲ್ಕು ತುಂಡು ಹೊಂದುವುದಿಲ್ಲ. ಲಾರಿಯಲ್ಲಿ ಬಂದದ್ದನ್ನು ಮಣಿಪಾಲದ ಜಂಬಿಟ್ಟಿಗೆ ನೆಲದ ಮೇಲೆ ಅದೇ ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸಬೇಕು. ಈ ಕೆಲಸ ಬಲ್ಲ ಬಡಗಿಗಳೂ ಹಳೇ ಮನೆಗಳಷ್ಟೇ ವೇಗವಾಗಿ ಕಡಿಮೆಯಾಗುತ್ತಿದ್ದ ಕಾಲ ಅದು. ಶೆಣೈ 2017ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ಹಟದಿಂದ ಒಂದು ಹಳ್ಳಿಯಷ್ಟು ಮನೆಗಳು ಉಳಿದವು.

ಅದಕ್ಕೆ ತೆತ್ತದ್ದೂ ಇದೆ. ಕುಂಜೂರಿನ ಮನೆಯ ಮುಂದೆ ಈಗ ಕುಂಜೂರಿಲ್ಲ. ಗದ್ದೆ, ಬಾವಿ, ನಾಗಬನ, ನೆರೆಮನೆ ಯಾವುದೂ ಬಂದಿಲ್ಲ. ಕರಾವಳಿಯ ಮನೆಗೂ ಬಯಲುಸೀಮೆಯ ಮಹಲಿಗೂ ಒಂದೇ ಕಾಲುದಾರಿ. ಮನೆಯನ್ನು ಊರಿಂದ ಕಿತ್ತರೆ ಅರ್ಧ ಜೀವ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಆ ಮನೆಗಳಿಗೆ ಇದ್ದ ಇನ್ನೊಂದು ದಾರಿ ಸೌದೆ ಡಿಪೊವಿಗೆ ಹೋಗುತ್ತಿತ್ತು.

ಮೈಸೂರಿನ ಕಥೆ ಬೆಂಕಿಯಿಂದ ಶುರುವಾಗುತ್ತದೆ. 1897ರ ಫೆಬ್ರುವರಿಯಲ್ಲಿ ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮರದ ಹಳೇ ಅರಮನೆ ಹೊತ್ತಿ ಉರಿಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ ಎದ್ದು 1912ರಲ್ಲಿ ಮುಗಿಯಿತು. ಮದುಮಗಳಿಗೆ ಅದಕ್ಕೂ ಮೊದಲೇ, 1905ರಲ್ಲಿ, ಕುಕ್ಕರಹಳ್ಳಿ ಕೆರೆಯ ಬದಿಯ ದಿಣ್ಣೆಯ ಮೇಲೆ ಜಯಲಕ್ಷ್ಮಿವಿಲಾಸ ಸಿದ್ಧವಾಯಿತು. ಜೋಡಿ ಕಂಬಗಳ ಮುಂಭಾಗ, ನೆತ್ತಿಯಲ್ಲಿ ಗಜಲಕ್ಷ್ಮಿ, ಒಳಗೆ ಕಲ್ಯಾಣಮಂಟಪ. ಕೋಣೆಗಳು 125, ಕಿಟಕಿಗಳು 300, ಕೆತ್ತನೆಯ ಬಾಗಿಲುಗಳು 287 ಎಂಬ ಲೆಕ್ಕ ಮೈಸೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ರಾಜಕುಮಾರಿಯ ಪತಿ ಸರ್ದಾರ್ ಎಂ. ಕಾಂತರಾಜ ಅರಸ್ ಮುಂದೆ ಮೈಸೂರಿನ ದಿವಾನರಾದರು.

ಅರ್ಧ ಶತಮಾನದ ನಂತರ ಈ ಮನೆಗೆ ಹೊಸ ಬಳಕೆ ಸಿಕ್ಕಿತು. ವಿಚಿತ್ರವೆಂದರೆ ಅದರ ಹಿಂದೆ ಇದ್ದವರೂ ಕುಪ್ಪಳಿಯ ಮನೆಯ ಮಗನೇ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವಧಿಯಲ್ಲಿ ಜಯಲಕ್ಷ್ಮಿವಿಲಾಸ ವಿಶ್ವವಿದ್ಯಾಲಯದ ಕೈಸೇರಿತು. ಸುತ್ತಲಿನ ನೆಲಕ್ಕೆ ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟರು. 1968ರಲ್ಲಿ ಆ ಬಂಗಲೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರ ಆಸಕ್ತಿ, ಊರೂರು ಅಲೆದು ವಸ್ತು ಕೂಡಿಸಿದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆ ಎರಡೂ ಸೇರಿ ಸಾವಿರಾರು ವಸ್ತುಗಳು ಒಟ್ಟಾದವು. ಸೋಮನ ಮುಖ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಕೂರಿಗೆ, ಕೊಳಗ, ತೊಟ್ಟಿಲು, ಲಾವಂಚದ ಬೀಸಣಿಗೆ ಎಲ್ಲವೂ ರಾಜಕುಮಾರಿಯ ಮನೆಯೊಳಗೆ ಬಂದವು. ಬಾಗಿಲಾಚೆ ನಿಂತಿರಬೇಕಾಗಿದ್ದವರ ಬದುಕು ದರ್ಬಾರಿನಲ್ಲಿ ಕೂತಿತು. ಅರಮನೆಯ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಕಡೆ ಕಂಡಿದ್ದು ಕಡಿಮೆ.

ಆದರೆ ಹೆಂಚಿನ ಪ್ರಶ್ನೆ ಇಲ್ಲಿಗೂ ಬಂತು. 2000ದ ದಶಕದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ 1.17 ಕೋಟಿ ರೂಪಾಯಿ ನೆರವಿನಿಂದ ಬಂಗಲೆ ದುರಸ್ತಿಯಾಯಿತು. ಕಾಲ ಕಳೆಯಿತು, ಮತ್ತೆ ಸೋರಿತು, ಮತ್ತೆ ಬಿರುಕು. ಪಶ್ಚಿಮ ಭಾಗದ ದುರಸ್ತಿಗೆ ಆಮೇಲೆ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿ ಕೈಜೋಡಿಸಿತು, ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಕೆಲಸ ವಹಿಸಿಕೊಂಡಿತು. ಇಪ್ಪತ್ತು ವರ್ಷಕ್ಕೊಮ್ಮೆ ಕೋಟಿ ಸುರಿದು ರಿಪೇರಿ ಮಾಡುವುದಕ್ಕೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೈಯಾಡಿಸುವುದಕ್ಕೂ ಇರುವ ಅಂತರ ಇದು. ದೊಡ್ಡ ಹಣಕ್ಕೆ ದಾನಿಗಳು ಸಿಗುತ್ತಾರೆ, ಫಲಕದ ಮೇಲೆ ಹೆಸರು ಬರುತ್ತದೆ. ಮಳೆಗಾಲದ ಮುಂಚೆ ತೂಬು ಶುಚಿ ಮಾಡಿಸುವ ಸಣ್ಣ ಖರ್ಚಿಗೆ ಬಜೆಟ್ಟಿನಲ್ಲಿ ಸಾಲು ಸಿಗುವುದೇ ಕಷ್ಟ.

ಅದೇ ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಉಳಿದದ್ದು ಕೂದಲೆಳೆಯಲ್ಲಿ. ಇದು ತಲೆಮಾರುಗಳ ಬಂಗಲೆಯಲ್ಲ, 1950ರ ದಶಕದ ಮಹಡಿ ಮನೆ. ಅದರ ಮೇಲಂತಸ್ತಿನ ಓದುಕೋಣೆಗೆ ಎಂಟು ಕಿಟಕಿ. ಚಾಮುಂಡಿ ಬೆಟ್ಟ, ಊರಿನ ಗೋಪುರಗಳು, ಓಡುವ ರೈಲು ಎಲ್ಲ ಕಾಣುತ್ತಿದ್ದವು. ನೋಡುತ್ತ ಕೂತರೆ ಬರವಣಿಗೆ ಸಾಗದೆಂದು ಕೊನೆಗೆ ಪರದೆ ಎಳೆದು ಬರೆಯಲು ಕೂತೆ ಎಂದು ನಾರಾಯಣ್ ಹೇಳಿಕೊಂಡಿದ್ದಾರೆ. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2011ರಲ್ಲಿ, ಮನೆ ಕೆಡವುವ ಕೆಲಸ ಶುರುವಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಅರ್ಧಕ್ಕೆ ನಿಂತಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ತೆರಿಗೆ ಹಣವೇಕೆ ಎಂದು ಕೆಲವು ಕನ್ನಡ ಲೇಖಕರೇ ತಕರಾರು ತೆಗೆದರು. ಆದರೂ ನಗರಪಾಲಿಕೆ 2.4 ಕೋಟಿ ರೂಪಾಯಿಗೆ ಮನೆ ಕೊಂಡು, ದುರಸ್ತಿ ಮಾಡಿಸಿ, 2016ರ ಜುಲೈಯಲ್ಲಿ ಮ್ಯೂಸಿಯಂ ತೆರೆಯಿತು. ಕನ್ನಡಕ, ಕೋಟು, ಫೋಟೊ, ಪ್ರಶಸ್ತಿಗಳು ಒಳಗಿವೆ. ಆದರೆ ಜನ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಆ ಕಿಟಕಿಗಳ ಮುಂದೆ.

ಇದ್ದಲ್ಲೇ ಎದ್ದು ನಿಂತದ್ದು, ಊರು ಬಿಟ್ಟು ಬಂದದ್ದು, ಬೇರೆಯವರ ವಸ್ತುಗಳಿಗೆ ಮನೆಯಾದದ್ದು, ಹಾರೆಯ ಏಟಿನಿಂದ ತಪ್ಪಿಸಿಕೊಂಡದ್ದು — ಈ ನಾಲ್ಕು ಕಥೆಗಳಲ್ಲೂ ಮನೆ ಉಳಿಯಲು ಮೊದಲು ಬೇಕಾದದ್ದು ಒಬ್ಬರ ಹಟವೋ ಒಂದಿಷ್ಟು ಜನರ ಗಲಾಟೆಯೋ. ಆಮೇಲೆ ಬೇಕಾದದ್ದು ಒಂದು ಸಂಸ್ಥೆ. ಪ್ರತಿಷ್ಠಾನವಾಗಲಿ ಟ್ರಸ್ಟಾಗಲಿ ವಿಶ್ವವಿದ್ಯಾಲಯವಾಗಲಿ, ಮನೆಯ ಸಾಮಾನಿನ ಜೊತೆಗೆ ಮನೆಯ ಚಾಕರಿಯನ್ನೂ ಬಳುವಳಿಯಾಗಿ ಪಡೆಯಬೇಕು. ಕಟ್ಟಡಕ್ಕೆ ಖರ್ಚು ಮಾಡುವ ಹಣದ ಒಂದು ಪಾಲನ್ನು ಇಡುಗಂಟಾಗಿ ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ಬಡಗಿ, ಗಾರೆಯವ, ಕಾವಲುಗಾರನಿಗೆ ಸಂಬಳ ಕೊಡುವ ಏರ್ಪಾಡು ಮೊದಲ ದಿನವೇ ಆಗಬೇಕು.

ಹಳೇ ಮನೆಯೆಲ್ಲ ಮ್ಯೂಸಿಯಂ ಆಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ಅಂಥದ್ದೊಂದು ಮನೆಯಲ್ಲಿ ಪಾಲಿರುವ ಓದುಗರು ಅದನ್ನು ಮಾರುವ, ಕೆಡಹುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಬಹುದು. ಟೇಪು ಹಿಡಿದು ಅಳತೆ ತೆಗೆದು ನಕ್ಷೆ ಬರೆಯಿರಿ. ಕಂಬ, ಬಾಗಿಲು, ಒಲೆ, ಕಣಜ ಎಲ್ಲದರ ಫೋಟೊ ತೆಗೆಯಿರಿ. ಮನೆಯ ಹಿರಿಯ ಹೆಂಗಸನ್ನು ಜೊತೆಗೆ ಕರೆದುಕೊಂಡು ಕೋಣೆಯಿಂದ ಕೋಣೆಗೆ ನಡೆಯಿರಿ. ಯಾವ ಕೋಣೆಗೆ ಏನು ಹೆಸರು, ಬಾಣಂತಿಯರು ಎಲ್ಲಿ ಮಲಗುತ್ತಿದ್ದರು, ಉಪ್ಪಿನಕಾಯಿ ಭರಣಿ ಎಲ್ಲಿರುತ್ತಿತ್ತು, ಕೆಲಸದವರು ಎಲ್ಲಿ ಕೂತು ಉಣ್ಣುತ್ತಿದ್ದರು, ಅವರ ಹೆಸರೇನು ಎಂದು ಕೇಳಿ ಬರೆದುಕೊಳ್ಳಿ. ಒಂದು ಪ್ರತಿಯನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಈ ಕೆಲಸಕ್ಕೆ ಯಾವ ಅನುದಾನವೂ ಬೇಕಿಲ್ಲ, ಮುಂದಿನ ಮಳೆಗಾಲದೊಳಗೆ ಮುಗಿಸಬಹುದು.